ಮಳೆ ಲೆಕ್ಕದ ಕಥೆ

ಒಕ್ಕಲು ಮಕ್ಕಳಿಗೆ ಮಳೆಯೇ ಮೊದಲ ಬಂಡವಾಳ. ಸಂಘದಿಂದ ಬೀಜ, ಗೊಬ್ಬರ, ಬೆಳೆ ಸಾಲ ಎಲ್ಲಾ ತಂದಿಟ್ಟುಕೊಂಡರೂ ಮೇಲಿಂದ ಹನಿ ಬೀಳದಿದ್ದರೆ ಕೂರಿಗೆ ಹೂಡುವಂತಿಲ್ಲ. ಆದ್ದರಿಂದ ಮಳೆ ಯಾವಾಗ ಬರುತ್ತೆ, ಎಷ್ಟು ಬರುತ್ತೆ ಅನ್ನುವ ಲೆಕ್ಕ ಬೇಸಾಯದಷ್ಟೇ ಹಳೆಯದು. ಬೆಳ್ಳಿ ಹಬ್ಬದ ಈ ಸಂದರ್ಭದಲ್ಲಿ ಆ ಲೆಕ್ಕದ ಚರಿತ್ರೆಯನ್ನು ಸದಸ್ಯ ಬಾಂಧವರ ಮುಂದೆ ಇಡುತ್ತಿದ್ದೇನೆ.

ನಮ್ಮ ಹಿರಿಯರು ಸೂರ್ಯ ಯಾವ ನಕ್ಷತ್ರದಲ್ಲಿರುತ್ತಾನೋ ಆ ಹೆಸರನ್ನೇ ಮಳೆಗೆ ಇಟ್ಟರು. ವರ್ಷಕ್ಕೆ 27 ನಕ್ಷತ್ರ, ಒಂದೊಂದಕ್ಕೆ 13-14 ದಿನ. ಏಪ್ರಿಲ್ ಮಧ್ಯಕ್ಕೆ ಅಶ್ವಿನಿ, ಆಮೇಲೆ ಭರಣಿ, ಕೃತ್ತಿಕೆ, ಮೇ ಕೊನೆಗೆ ರೋಹಿಣಿ, ಜೂನ್ 22ರ ಸುಮಾರಿಗೆ ಆರಿದ್ರ. ಭರಣಿ ಮಳೆ ಬಂದರೆ ಧರಣಿಯೆಲ್ಲಾ ಬೆಳೆ, ರೋಹಿಣಿ ಮಳೆ ಬಂದರೆ ಓಣಿಯೆಲ್ಲಾ ಜೋಳ ಎಂಬ ಗಾದೆಗಳು ಓದು ಬರಹ ಇಲ್ಲದವರ ಪಂಚಾಂಗ. ಯಾವ ಮಳೆಗೆ ಉಳಬೇಕು, ಯಾವ ಮಳೆಗೆ ಬಿತ್ತಬೇಕು ಅನ್ನುವುದು ಅದರಲ್ಲೇ ಇತ್ತು.

ಆದರೆ ಒಂದು ಮಾತು. ಈ ನಕ್ಷತ್ರದ ಲೆಕ್ಕ ಸುಮಾರು 72 ವರ್ಷಕ್ಕೆ ಒಂದು ದಿನದಂತೆ ಋತುವಿನಿಂದ ಜಾರುತ್ತದೆ. ಸಾವಿರ ವರ್ಷಕ್ಕೆ ಹೆಚ್ಚು ಕಮ್ಮಿ ಒಂದು ಮಳೆಯಷ್ಟು ವ್ಯತ್ಯಾಸ. ಅಂದರೆ ಗಾದೆಯನ್ನು ಬಾಯಿಪಾಠ ಮಾಡಿದರೆ ಸಾಲದು, ಪ್ರತಿ ತಲೆಮಾರಿನವರೂ ಹೊಲದಲ್ಲಿ ನಿಂತು ನೋಡಲೇಬೇಕು.

ಹಿರಿಯರು ಹಾಗೇ ನೋಡುತ್ತಿದ್ದರು. ಇರುವೆ ಮೊಟ್ಟೆ ಕಚ್ಚಿಕೊಂಡು ಎತ್ತರಕ್ಕೆ ಹೊರಟರೆ, ಚಂದ್ರನ ಸುತ್ತ ಗೂಡು ಕಟ್ಟಿದರೆ, ಮಡಕೆಯ ಉಪ್ಪು ನೀರೊಡೆದರೆ ಮಳೆ ಹತ್ತಿರ ಅನ್ನುತ್ತಿದ್ದರು. ಇದಕ್ಕೆ ಕಾರಣಗಳೂ ಉಂಟು. ಉಪ್ಪು ಗಾಳಿಯ ತೇವ ಹೀರುತ್ತದೆ. ಬಲು ಎತ್ತರದ ತೆಳು ಮೋಡದಲ್ಲಿರುವ ಮಂಜಿನ ಹರಳುಗಳಿಂದ ಚಂದ್ರನಿಗೆ ಗೂಡು ಕಾಣುತ್ತದೆ. ರಾತ್ರಿ ಆಕಾಶ ತಿಳಿಯಾಗಿದ್ದು ಗಾಳಿ ನಿಂತರೆ ನೆಲ ಬೇಗ ತಣ್ಣಗಾಗಿ ಬೆಳಿಗ್ಗೆ ಇಬ್ಬನಿ ಜಾಸ್ತಿ. ಮಾಗಿ ಚಳಿ ಕಚ್ಚಿತೋ ಇಲ್ಲವೋ ಅನ್ನುವುದನ್ನು ನಮ್ಮ ಹೆಂಗಸರು ಅವರೆಕಾಯಿ ಸೊಗಡಿನಲ್ಲೇ ಹೇಳಿಬಿಡುತ್ತಾರೆ. ಆದರೂ ಇವೆಲ್ಲ ಇವತ್ತು ನಾಳೆಯ ಸುದ್ದಿ. ಇರುವೆ ನೋಡಿ ಇಡೀ ಮುಂಗಾರಿನ ಭವಿಷ್ಯ ಹೇಳಲಾಗದು.

ಮಳೆ ಅಳೆಯುವುದೂ ನಮ್ಮಲ್ಲಿ ಹೊಸದಲ್ಲ. ಕೌಟಿಲ್ಯನ ಅರ್ಥಶಾಸ್ತ್ರದಲ್ಲಿ ಉಗ್ರಾಣದ ಮುಂದೆ ಮಳೆ ಅಳೆಯುವ ಪಾತ್ರೆ ಇಡಬೇಕೆಂದಿದೆ. ಒಣ ಸೀಮೆಗೆ 16 ದ್ರೋಣ, ಅವಂತಿಗೆ 23 ದ್ರೋಣ ಎಂದು ಸೀಮೆವಾರು ಲೆಕ್ಕವೂ ಇದೆ. ಆರನೇ ಶತಮಾನದ ವರಾಹಮಿಹಿರನ ಬೃಹತ್ ಸಂಹಿತೆಯಲ್ಲಿ ಮಳೆಯ ಲಕ್ಷಣಗಳಿಗೆಂದೇ ಅಧ್ಯಾಯಗಳಿವೆ.

ಈಗಿನ ಕಾಲದ ಲೆಕ್ಕ ಹುಟ್ಟಿದ್ದು ಕಷ್ಟದಲ್ಲಿ. 1864ರಲ್ಲಿ ಕಲ್ಕತ್ತೆಗೆ ಚಂಡಮಾರುತ ಬಡಿಯಿತು, 1866 ಮತ್ತು 1871ರಲ್ಲಿ ಮಳೆ ಕೈಕೊಟ್ಟಿತು. 1875ರಲ್ಲಿ ಭಾರತ ಹವಾಮಾನ ಇಲಾಖೆ ಸ್ಥಾಪನೆಯಾಯಿತು. ಮರುವರ್ಷವೇ ಧಾತು-ಈಶ್ವರ ಸಂವತ್ಸರಗಳ ಮಹಾ ಬರ ಬಂತು. 1871ರ ಜನಗಣತಿಯಲ್ಲಿ 50 ಲಕ್ಷ ದಾಟಿದ್ದ ಮೈಸೂರು ಸಂಸ್ಥಾನದ ಜನಸಂಖ್ಯೆ 1881ರಲ್ಲಿ 42 ಲಕ್ಷದೊಳಗೆ ಇಳಿದಿತ್ತು. ಊರಿಗೆ ಊರೇ ಬರಿದಾದ ಕಾಲ ಅದು. ಆ ಮೇಲೆ ಇಲಾಖೆಯ ಮುಖ್ಯಸ್ಥ ಬ್ಲಾನ್‌ಫೋರ್ಡ್ ಹಿಮಾಲಯದ ಹಿಮ ನೋಡಿ ಮುಂಗಾರಿನ ಮುನ್ಸೂಚನೆ ಹೇಳಲು ಶುರುಮಾಡಿದರು.

ನಮ್ಮ ಸಹಕಾರ ಚಳವಳಿಯ ಬೇರೂ ಬರದಲ್ಲೇ ಇದೆ. 1901ರ ಕ್ಷಾಮ ಆಯೋಗವು ರೈತರು ಸಾಲಕ್ಕಾಗಿ ಪರಸ್ಪರ ನೆರವಿನ ಸಂಘ ಕಟ್ಟಿಕೊಳ್ಳಲಿ ಎಂದು ಶಿಫಾರಸು ಮಾಡಿತು. 1904ರಲ್ಲಿ ಕಾಯಿದೆ ಬಂತು, 1905ರಲ್ಲಿ ಗದಗ ಸೀಮೆಯ ಕಣಗಿನಹಾಳದಲ್ಲಿ ಸಂಘ ಹುಟ್ಟಿತು. ಮಳೆ ಲೆಕ್ಕವೂ ಸಾಲದ ಲೆಕ್ಕವೂ ಒಂದೇ ಬರದ ಮಕ್ಕಳು ಅಂದರೆ ತಪ್ಪಿಲ್ಲ.

1945ರಿಂದ ರೇಡಿಯೋದಲ್ಲಿ ರೈತರಿಗೆ ಹವಾಮಾನ ವಾರ್ತೆ ಬಂತು. 1988ರಲ್ಲಿ ಕರ್ನಾಟಕದಲ್ಲಿ ಬರ ಉಸ್ತುವಾರಿ ಕೋಶ ಶುರುವಾಯಿತು. ಈಗ ಗ್ರಾಮ ಪಂಚಾಯಿತಿ ಮಟ್ಟದಲ್ಲೂ ತಾನಾಗಿಯೇ ಅಳೆದು ಕಳಿಸುವ ಮಳೆಮಾಪಕಗಳಿವೆ, ಮುನ್ಸೂಚನೆ ಮೊಬೈಲಿಗೇ ಬರುತ್ತದೆ. ಬರ ಘೋಷಣೆಗೂ ಹವಾಮಾನ ಆಧಾರಿತ ಬೆಳೆ ವಿಮೆಗೂ ಆಧಾರ ಅಂಕಿಯೇ ಹೊರತು ನಮ್ಮ ಬಾಯಿಮಾತಲ್ಲ. ಆದರೆ ಮೂಡಲ ಹೊಲ ತೊಯ್ದು ಪಡುವಲ ಹೊಲ ಒಣಗಿರುವುದನ್ನು ನಾವೇ ಕಣ್ಣಾರೆ ಕಾಣುತ್ತೇವೆ. ಅದನ್ನು ಬರೆದಿಟ್ಟವರು ಮಾತ್ರ ಇಲ್ಲ. ಇರುವೆ, ಉಪ್ಪು, ಇಬ್ಬನಿ ಕಂಡಿದ್ದ ಹಿರಿಯರು ಒಬ್ಬೊಬ್ಬರೇ ಹೋಗುತ್ತಿದ್ದಾರೆ, ಅವರ ಜೊತೆ ಆ ತಿಳುವಳಿಕೆಯೂ ಹೋಗುತ್ತಿದೆ.

ಆದ್ದರಿಂದ ನನ್ನದೊಂದು ಸಲಹೆ. ಸಂಘದ ಕಛೇರಿ ಮುಂದೆ ಒಂದು ಮಳೆಮಾಪಕ, ಒಳಗೆ ಒಂದು ಮಳೆ ಪುಸ್ತಕ ಇಡೋಣ. ದಿನಾ ಬೆಳಿಗ್ಗೆ ಎಂಟೂವರೆಗೆ ಅಳೆದು ಬರೆಯೋಣ. ಒಂದು ಮಿಲಿಮೀಟರ್ ಮಳೆ ಅಂದರೆ ಎಕರೆಗೆ ಸುಮಾರು 4,000 ಲೀಟರ್ ನೀರು, ಕಮ್ಮಿಯೇನಲ್ಲ. ಪಕ್ಕದ ಕಾಲಂನಲ್ಲಿ ಹಿರಿಯರು ಕಂಡ ಲಕ್ಷಣವನ್ನೂ ಬರೆದು, ಯಾವುದು ನಿಜವಾಯಿತು, ಯಾವುದು ಸುಳ್ಳಾಯಿತು ನೋಡೋಣ. ಸಾಲದ ಪುಸ್ತಕದಷ್ಟೇ ಜೋಪಾನವಾಗಿ ಇದನ್ನೂ ಇಟ್ಟರೆ ಸುವರ್ಣ ಮಹೋತ್ಸವದ ಹೊತ್ತಿಗೆ ನಮ್ಮ ಮಕ್ಕಳ ಕೈಯಲ್ಲಿ 25 ವರ್ಷದ ಮಳೆ ಇರುತ್ತದೆ.

ಎಲ್ಲರಿಗೂ ಬೆಳ್ಳಿ ಹಬ್ಬದ ಶುಭಾಶಯಗಳು. ಕಾಲಕ್ಕೆ ಸರಿಯಾಗಿ ಮಳೆ ಬೆಳೆ ಆಗಲಿ.