ತಿರುಗುವ ತೊಟ್ಟಿಲು, ನಿಂತ ಚಿತ್ರ

ಡಿಸೆಂಬರ್ ಬಂತೆಂದರೆ ಸಂತೆಕಟ್ಟೆಯ ಹೆದ್ದಾರಿಯಲ್ಲಿ ಶಾಲಾ ಪ್ರವಾಸದ ಬಸ್ಸುಗಳ ಓಡಾಟ ಹೆಚ್ಚುತ್ತದೆ. ಉತ್ತರಕ್ಕೆ ಹೊರಟರೆ ಬ್ರಹ್ಮಾವರ, ಸಾಲಿಗ್ರಾಮಗಳನ್ನು ದಾಟಿ ಕೋಟ. ಅಲ್ಲಿ ಶಿವರಾಮ ಕಾರಂತರ ನೆನಪಿನ ಥೀಮ್ ಪಾರ್ಕ್ ಇದೆ. ದಕ್ಷಿಣಕ್ಕೆ ಹೊರಟರೆ ಮಂಗಳೂರಿನ ಬಳಿಯ ಪಿಲಿಕುಳ. ಇನ್ನೂ ದೂರ ಹೋಗುವವರಿಗೆ ಬಿಡದಿಯ ಹತ್ತಿರ 2005ರಲ್ಲಿ ತೆರೆದ ವಂಡರ್‌ಲಾ. ಬಸ್ಸು ಹಿಂದಿರುಗುವ ಹೊತ್ತಿಗೆ ಮೊಬೈಲುಗಳಲ್ಲಿ ನೂರಾರು ಚಿತ್ರಗಳು ತುಂಬಿರುತ್ತವೆ. ಅವುಗಳಲ್ಲಿ ಎರಡನೆಯ ಬಾರಿ ನೋಡಬೇಕೆನಿಸುವಂಥವು ಎಷ್ಟು? ನೀವು ಅಧ್ಯಾಪಕರಾಗಿದ್ದರೆ ಉತ್ತರ ನಿಮಗೆ ಗೊತ್ತು. ದ್ವಾರದ ಮುಂದೆ ಸಾಲಾಗಿ ನಿಂತವರ ಚಿತ್ರ ಸ್ಪಷ್ಟವಾಗಿ ಬಂದಿರುತ್ತದೆ. ಮಕ್ಕಳು ನಿಜವಾಗಿ ನಕ್ಕ, ಕಿರುಚಿದ, ಹೆದರಿದ ಕ್ಷಣಗಳು ಮಸುಕಾಗಿರುತ್ತವೆ.

ಈ ಮಸುಕಿನ ಹಿಂದೆ ಸುಮಾರು ಇನ್ನೂರು ವರ್ಷಗಳ ಇತಿಹಾಸವಿದೆ. ಛಾಯಾಗ್ರಹಣ ಬೆಳೆದುಬಂದ ಕಥೆಯನ್ನು ಮಸೂರಗಳ ಕಥೆಯಾಗಿ ಹೇಳುವ ವಾಡಿಕೆ ಉಂಟು. ಅದನ್ನು ಬೆಳಕಿಗೆ ಒಡ್ಡುವ ಅವಧಿಯ ಕಥೆಯಾಗಿ ಹೇಳುವುದು ಹೆಚ್ಚು ಸರಿ ಎಂದು ನನಗೆ ತೋರುತ್ತದೆ.

1838ರಲ್ಲಿ ಫ್ರಾನ್ಸಿನ ಡಾಗೇರ್ ಪ್ಯಾರಿಸ್ ನಗರದ ಒಂದು ಬೀದಿಯ ಚಿತ್ರ ತೆಗೆದ. ಗಾಡಿಗಳೂ ಜನರೂ ಓಡಾಡುತ್ತಿದ್ದ ಬೀದಿ ಅದು. ಚಿತ್ರದಲ್ಲಾದರೋ ಬೀದಿ ಬರಿದಾಗಿದೆ! ಬೆಳ್ಳಿ ಲೇಪದ ತಗಡನ್ನು ಹಲವು ನಿಮಿಷ ಬೆಳಕಿಗೆ ಒಡ್ಡಬೇಕಾಗಿತ್ತು. ಅಷ್ಟರೊಳಗೆ ಹಾದುಹೋದವರು ಯಾರೂ ಒಂದೇ ಜಾಗದಿಂದ ಸಾಕಷ್ಟು ಬೆಳಕನ್ನು ತಗಡಿಗೆ ಕಳುಹಿಸಲಿಲ್ಲ. ಒಬ್ಬ ಮಾತ್ರ ಉಳಿದುಕೊಂಡ: ಬೂಟಿಗೆ ಪಾಲಿಶ್ ಹಾಕಿಸಿಕೊಳ್ಳಲು ಕಾಲು ಮುಂದಿಟ್ಟು ನಿಂತಿದ್ದವನು. ಛಾಯಾಚಿತ್ರದಲ್ಲಿ ಮನುಷ್ಯಾಕೃತಿ ಕಾಣಿಸಿಕೊಂಡ ಅತ್ಯಂತ ಹಳೆಯ ನಿದರ್ಶನಗಳಲ್ಲಿ ಇದೂ ಒಂದು. ಅವನ ಹೆಸರು ಯಾರಿಗೂ ತಿಳಿಯದು. ಅಲುಗದೆ ನಿಂತದ್ದೇ ಅವನು ಇತಿಹಾಸಕ್ಕೆ ಸೇರಲು ಇದ್ದ ಅರ್ಹತೆ.

ನಮ್ಮ ಕರಾವಳಿಗೂ ಇದು ಅನ್ವಯಿಸುತ್ತದೆ. 1834ರಲ್ಲಿ ಮಂಗಳೂರಿಗೆ ಬಂದ ಬಾಸೆಲ್ ಮಿಷನ್‌ನವರು ಹತ್ತೊಂಬತ್ತನೆಯ ಶತಮಾನದ ಉತ್ತರಾರ್ಧದಲ್ಲಿ ಸಂಗ್ರಹಿಸಿದ ಈ ಪ್ರದೇಶದ ಚಿತ್ರಗಳು ಅವರ ಪತ್ರಾಗಾರದಲ್ಲಿ ಉಳಿದಿವೆ. ಆ ಕಾಲದ ಯಾವುದೇ ಗುಂಪು ಚಿತ್ರವನ್ನು ನೋಡಿರಿ. ಎಲ್ಲರೂ ಕಂಬಗಳಂತೆ ನಿಂತಿರುತ್ತಾರೆ, ಯಾರ ಮುಖದಲ್ಲೂ ನಗುವಿರುವುದಿಲ್ಲ. ಹಿಂದಿನವರು ಬಿಗುಮಾನದವರೆಂದು ಇದರಿಂದ ತೀರ್ಮಾನಿಸುವವರುಂಟು. ಹಸಿ ಕೊಲೋಡಿಯನ್ ಫಲಕಕ್ಕೆ ಕೆಲವು ಸೆಕೆಂಡುಗಳ ಬೆಳಕು ಬೇಕಿತ್ತು. ಅಷ್ಟು ಹೊತ್ತು ನಗುವನ್ನು ಹಾಗೆಯೇ ಹಿಡಿದಿಡಲು ನೀವೇ ಒಮ್ಮೆ ಯತ್ನಿಸಿ ನೋಡಿರಿ! ಜಾತ್ರೆಗಳಲ್ಲಿ ನಾಲ್ಕು ಪೆಟ್ಟಿಗೆಗಳ ಮರದ ತೊಟ್ಟಿಲುಗಳಿರುತ್ತಿದ್ದವು. ಅವುಗಳನ್ನು ತಿರುಗಿಸಲು ಮೋಟಾರಿರಲಿಲ್ಲ. ಗಟ್ಟಿಮುಟ್ಟಾದ ಆಳುಗಳು ಕೈಯಿಂದಲೇ ತಳ್ಳುತ್ತಿದ್ದರು. ಅಂಥ ಫಲಕದ ಮುಂದೆ ಆ ತೊಟ್ಟಿಲು ತಿರುಗಿದ್ದರೆ ಕಂಬಗಳೆರಡು ಸ್ಪಷ್ಟವಾಗಿ ಮೂಡುತ್ತಿದ್ದವು, ಪೆಟ್ಟಿಗೆಗಳು ಹೊಗೆಯ ಬಳೆಯಾಗುತ್ತಿದ್ದವು, ತಳ್ಳುವ ಆಳು ಇಲ್ಲವೇ ಇಲ್ಲ ಎಂಬಂತಾಗುತ್ತಿದ್ದ.

ಚಲನೆಯನ್ನು ನಿಲ್ಲಿಸಲು ಎರಡು ದಾರಿಗಳಿದ್ದವು. ಮೊದಲನೆಯದನ್ನು ಇಂಗ್ಲೆಂಡಿನ ಟಾಲ್ಬಟ್ 1851ರಲ್ಲೇ ತೋರಿಸಿಕೊಟ್ಟ. ವೇಗವಾಗಿ ತಿರುಗುವ ಚಕ್ರಕ್ಕೆ ವೃತ್ತಪತ್ರಿಕೆಯ ಹಾಳೆ ಅಂಟಿಸಿ, ಕತ್ತಲೆಯ ಕೋಣೆಯಲ್ಲಿ ಲೇಡನ್ ಜಾಡಿಗಳ ವಿದ್ಯುತ್ ಕಿಡಿ ಹಾರಿಸಿ ಚಿತ್ರ ತೆಗೆದ. ಕಿಡಿಯ ಬೆಳಕು ಸೆಕೆಂಡಿನ ಸಹಸ್ರಾಂಶಕ್ಕಿಂತಲೂ ಕಡಿಮೆ ಅವಧಿಯದಾದ್ದರಿಂದ ಅಕ್ಷರಗಳನ್ನು ಓದಬಹುದಾಗಿತ್ತು. ಇಲ್ಲಿ ಕ್ಯಾಮೆರಾದ ಬಾಗಿಲು ತೆರೆದೇ ಇರುತ್ತದೆ, ಬೆಳಕೇ ಕ್ಷಣಿಕ. ಇಂದಿನ ಫ್ಲಾಷ್‌ಗೆ ಇದೇ ಮೂಲ. ಆದರೆ ಹಗಲಿನ ಮೈದಾನದಲ್ಲಿ ಇದು ಉಪಯೋಗಕ್ಕೆ ಬಾರದು. ಎರಡನೆಯ ದಾರಿ ಫಲಕವನ್ನೇ ಚುರುಕಾಗಿಸುವುದು. 1871ರಲ್ಲಿ ಮ್ಯಾಡಾಕ್ಸ್ ಸೂಚಿಸಿದ ಜೆಲಟಿನ್ ಒಣ ಫಲಕ ಆ ದಶಕದ ಕೊನೆಯ ಹೊತ್ತಿಗೆ ಸುಧಾರಿಸಿ, ಒಡ್ಡುವ ಅವಧಿ ಸೆಕೆಂಡಿನ ಇಪ್ಪತ್ತೈದನೆಯ ಒಂದು ಭಾಗಕ್ಕೆ ಇಳಿಯಿತು. 1878ರಲ್ಲಿ ಮೈಬ್ರಿಜ್ ಕ್ಯಾಲಿಫೋರ್ನಿಯದಲ್ಲಿ ಕ್ಯಾಮೆರಾಗಳನ್ನು ಸಾಲಾಗಿ ಇಟ್ಟು ಓಡುವ ಕುದುರೆಯ ನಾಲ್ಕೂ ಕಾಲುಗಳು ನೆಲ ಬಿಟ್ಟಿರುವುದನ್ನು ತೋರಿಸಿದ್ದು ಪಠ್ಯಪುಸ್ತಕಗಳಲ್ಲೂ ಬರುತ್ತದೆ. ಅದನ್ನು ಇಲ್ಲಿ ಬೆಳೆಸುವುದಿಲ್ಲ.

ನಮಗೆ ಮುಖ್ಯವಾದುದು 1893ರ ಷಿಕಾಗೊ. ವಿವೇಕಾನಂದರು ಮಾತನಾಡಿದ ಸರ್ವಧರ್ಮ ಸಮ್ಮೇಳನ ನಡೆದದ್ದು ಅಲ್ಲಿನ ವಿಶ್ವಮೇಳದ ಅಂಗವಾಗಿ. ಅದೇ ಮೇಳದಲ್ಲಿ ಫೆರಿಸ್ ಎಂಬ ಎಂಜಿನಿಯರ್ 264 ಅಡಿ ಎತ್ತರದ ಉಕ್ಕಿನ ಚಕ್ರವನ್ನು ನಿಲ್ಲಿಸಿದ. 36 ಪೆಟ್ಟಿಗೆಗಳು, ಒಂದೊಂದರಲ್ಲಿ 60 ಜನ. ಒಟ್ಟು 2160 ಮಂದಿ ಒಮ್ಮೆಗೇ ಆಕಾಶಕ್ಕೇರಬಹುದಿತ್ತು. ಇಂದಿನ ಎಲ್ಲ ಜೈಂಟ್ ವೀಲ್‌ಗಳ ಮೂಲಪುರುಷ ಇದೇ. ಐದು ವರ್ಷಗಳ ಹಿಂದೆಯಷ್ಟೇ, 1888ರಲ್ಲಿ, ಈಸ್ಟ್‌ಮನ್‌ನ ಕೊಡಕ್ ಪೆಟ್ಟಿಗೆ ಕ್ಯಾಮೆರಾ ಪೇಟೆಗೆ ಬಂದಿತ್ತು. 25 ಡಾಲರ್ ಬೆಲೆ, ಒಳಗೆ ನೂರು ಚಿತ್ರಗಳಿಗಾಗುವ ಸುರುಳಿ. ಮನೋರಂಜನೆಯ ಉದ್ಯಾನವೂ ಕೈಯಲ್ಲಿ ಹಿಡಿಯುವ ಕ್ಯಾಮೆರಾವೂ ಹೀಗೆ ಹೆಚ್ಚುಕಡಿಮೆ ಒಟ್ಟಿಗೇ ಬೆಳೆದವು. ಆದರೆ ಮೇಳದ ಆಡಳಿತದವರು ಅಧಿಕೃತ ಛಾಯಾಗ್ರಾಹಕನಿಗೆ ಏಕಸ್ವಾಮ್ಯ ಕೊಟ್ಟಿದ್ದರು. ಪ್ರವೇಶಕ್ಕೆ ಅರ್ಧ ಡಾಲರ್ ಆದರೆ ಕ್ಯಾಮೆರಾಕ್ಕೆ ದಿನವೊಂದಕ್ಕೆ ಎರಡು ಡಾಲರ್! ಮುಕ್ಕಾಲಿಯನ್ನು ಒಳಗೆ ಬಿಡುತ್ತಿರಲಿಲ್ಲ. ಮನುಷ್ಯನಿಗಿಂತ ಅವನ ಕ್ಯಾಮೆರಾಕ್ಕೆ ಹೆಚ್ಚು ದರ ವಿಧಿಸುವ ಪದ್ಧತಿ ನಮ್ಮ ಪ್ರೇಕ್ಷಣೀಯ ಸ್ಥಳಗಳ ಹೊಸ ಆವಿಷ್ಕಾರವೇನೂ ಅಲ್ಲ.

ಆ ಮಹಾಚಕ್ರದ ಚಿತ್ರ ತೆಗೆಯುವುದು ಕಷ್ಟವಾಗಿತ್ತೇ? ಲೆಕ್ಕ ಹಾಕೋಣ. ಚಕ್ರದ ವ್ಯಾಸ 250 ಅಡಿ, ಅಂದರೆ ಸುಮಾರು 76 ಮೀಟರ್. ಪರಿಧಿ ಸುಮಾರು 239 ಮೀಟರ್. ನಿಲ್ಲದೆ ಒಂದು ಸುತ್ತು ಬರಲು 9 ನಿಮಿಷ ಬೇಕಿತ್ತು. ಹಾಗಾದರೆ ಅಂಚಿನ ವೇಗ ಸೆಕೆಂಡಿಗೆ 0.44 ಮೀಟರ್, ಅಜ್ಜಿಯ ನಡಿಗೆಗಿಂತಲೂ ನಿಧಾನ. ಷಟರ್ 1/25 ಸೆಕೆಂಡ್ ತೆರೆದಿತ್ತು ಎಂದಿಟ್ಟುಕೊಂಡರೆ ಅಷ್ಟರಲ್ಲಿ ಪೆಟ್ಟಿಗೆ ಸರಿಯುವುದು 1.8 ಸೆಂಟಿಮೀಟರ್. ಚಿತ್ರದ ಮೇಲಿನ ಮಸುಕು ತಿಳಿಯಲು ಇದನ್ನು ನಾಭಿದೂರದಿಂದ ಗುಣಿಸಿ ವಸುವಿನ ದೂರದಿಂದ ಭಾಗಿಸಬೇಕು. ಆ ಕೊಡಕ್‌ನ ನಾಭಿದೂರ 57 ಮಿಲಿಮೀಟರ್. 100 ಮೀಟರ್ ದೂರದಲ್ಲಿ ನಿಂತರೆ ಮಸುಕು ಮಿಲಿಮೀಟರಿನ ನೂರನೆಯ ಒಂದು ಭಾಗ, ಕಣ್ಣಿಗೆ ಕಾಣದು.

ಈಗ ಐದು ಮೀಟರ್ ದೂರದಲ್ಲಿ ಮರದ ಕುದುರೆಯೇರಿ ಸುತ್ತುವ ಮಗುವನ್ನು ತೆಗೆದುಕೊಳ್ಳಿರಿ. ತ್ರಿಜ್ಯ 4 ಮೀಟರ್, ಹತ್ತು ಸೆಕೆಂಡಿಗೊಂದು ಸುತ್ತು. ವೇಗ ಸೆಕೆಂಡಿಗೆ 2.5 ಮೀಟರ್, 1/25 ಸೆಕೆಂಡಿನಲ್ಲಿ ಸರಿಯುವುದು 10 ಸೆಂಟಿಮೀಟರ್, ಅದೇ ಕ್ಯಾಮೆರಾದಲ್ಲಿ ಮಸುಕು 1.1 ಮಿಲಿಮೀಟರ್. ಮಹಾಚಕ್ರದ್ದಕ್ಕಿಂತ ನೂರು ಪಟ್ಟು ಹೆಚ್ಚು! ಇಡೀ ಚಿತ್ರದ ವ್ಯಾಸವೇ 65 ಮಿಲಿಮೀಟರ್ ಆದ್ದರಿಂದ ಮಗುವಿನ ಮುಖ ಗುರುತು ಸಿಗದಂತಾಗುತ್ತದೆ. ಜಗತ್ತಿನ ಅತಿ ದೊಡ್ಡ ಚಕ್ರ ಸುಲಭವಾಗಿ ಸಿಕ್ಕಿತು, ಕುದುರೆಯ ಮೇಲಿನ ಮಗು ಸಿಗಲಿಲ್ಲ. ಮಗು ನಮ್ಮ ಎದುರಿಗೇ ನುಗ್ಗಿ ಬರುವ ಬಿಂದುವಿನಲ್ಲಿ ಅಡ್ಡ ಚಲನೆ ಅತಿ ಕಡಿಮೆ ಎಂಬುದನ್ನು ಗಮನಿಸಿದರೆ ನಿಮ್ಮ ಮೊಬೈಲಿನಲ್ಲೂ ಅರ್ಧ ಕೆಲಸ ಆದಂತೆ.

ಉಳಿದರ್ಧಕ್ಕೆ ಇನ್ನೊಂದು ಉಪಾಯ: ಮಗುವಿನೊಂದಿಗೆ ಕ್ಯಾಮೆರಾವನ್ನೂ ತಿರುಗಿಸುವುದು. ಆಗ ಮಗು ಸ್ಪಷ್ಟ, ಹಿನ್ನೆಲೆ ಗೆರೆಗೆರೆ. 1910ರ ದಶಕದ ಆರಂಭದಲ್ಲಿ ಫ್ರಾನ್ಸಿನ ಲಾರ್ತಿಗ್ ಎಂಬ ತರುಣ ರೇಸ್ ಕಾರೊಂದನ್ನು ಹೀಗೆ ಹಿಂಬಾಲಿಸಿ ತೆಗೆದ ಚಿತ್ರ ವಿಚಿತ್ರವಾಗಿದೆ. ಕಾರಿನ ಚಕ್ರ ದುಂಡಗಿಲ್ಲ, ಮುಂದಕ್ಕೆ ವಾಲಿದ ಮೊಟ್ಟೆಯಂತಿದೆ. ಪ್ರೇಕ್ಷಕರು ಹಿಂದಕ್ಕೆ ವಾಲಿದ್ದಾರೆ. ಕಾರಣ ಅವನ ಷಟರ್. ಅದರಲ್ಲಿ ಒಂದು ಸೀಳು ಫಲಕದ ಮುಂದೆ ಸರಿಯುತ್ತ ಚಿತ್ರದ ಒಂದೊಂದು ಪಟ್ಟಿಯನ್ನು ಒಂದೊಂದು ಕ್ಷಣದಲ್ಲಿ ಬರೆಯುತ್ತಿತ್ತು. ಸೀಳು ಚಕ್ರದ ಒಂದು ತುದಿಯಿಂದ ಇನ್ನೊಂದಕ್ಕೆ ಬರುವಷ್ಟರಲ್ಲಿ ಕಾರು ಮುಂದೆ ಹೋಗಿತ್ತು. ನೂರು ವರ್ಷ ದಾಟಿದರೂ ಈ ಸೀಳು ನಮ್ಮನ್ನು ಬಿಟ್ಟಿಲ್ಲ. ಸಾಮಾನ್ಯ ಮೊಬೈಲಿನ ಸಂವೇದಕ ಸಾಲುಸಾಲಾಗಿ ಓದುತ್ತದೆ. ಆದ್ದರಿಂದಲೇ ವೇಗವಾಗಿ ತಿರುಗುವ ಆಟದ ತೋಳುಗಳು ಚಿತ್ರದಲ್ಲಿ ಬಾಗುತ್ತವೆ. ಪಾರ್ಕಿಗೆ ಹೋಗುವವರೆಗೆ ಕಾಯಬೇಕಿಲ್ಲ. ತರಗತಿಯ ಫ್ಯಾನನ್ನು ಒಳ್ಳೆಯ ಬೆಳಕಿನಲ್ಲಿ ಸೆರೆಹಿಡಿಯಿರಿ, ರೆಕ್ಕೆಗಳು ಬಾಗಿರುವುದನ್ನು ಕಾಣುವಿರಿ.

ಕೋಟದ ಕಾರಂತರು 1930ರ ಆಸುಪಾಸಿನಲ್ಲಿ ‘ಡೊಮಿಂಗೊ’, ‘ಭೂತರಾಜ್ಯ’ ಎಂಬ ಮೂಕಿ ಚಿತ್ರಗಳನ್ನು ತಯಾರಿಸಿದ್ದನ್ನು ಇಲ್ಲಿ ನೆನೆಯಬಹುದು. ಮೂಕಿ ಯುಗದಲ್ಲಿ ಕೈಯಿಂದ ತಿರುಗಿಸುವ ಕ್ಯಾಮೆರಾ ಸೆಕೆಂಡಿಗೆ ಹದಿನಾರಿಪ್ಪತ್ತು ಚಿತ್ರ ತೆಗೆಯುತ್ತಿತ್ತು. ಒಂದೊಂದು ಚಿತ್ರ ಬೆಳಕು ಕಾಣುತ್ತಿದ್ದುದು ಹೆಚ್ಚುಕಡಿಮೆ ಕೊಡಕ್‌ನಷ್ಟೇ ಹೊತ್ತು. ಬಿಡಿಬಿಡಿಯಾಗಿ ನೋಡಿದರೆ ಕುಣಿಯುವವನ ಕೈ ಮಸುಕು. ಓಡಿಸಿ ನೋಡಿದರೆ ಸರಾಗ.

ಮಸುಕನ್ನು ಶತ್ರುವೆಂದು ಬಗೆಯಬೇಕಿಲ್ಲ. ಫ್ರಾನ್ಸಿನ ಶರೀರವಿಜ್ಞಾನಿ ಮಾರೆ 1882ರಿಂದ ಒಂದೇ ಫಲಕದ ಮೇಲೆ ಚಲನೆಯ ಹಲವು ಕ್ಷಣಗಳನ್ನು ಮೂಡಿಸಿ ಅಳತೆ ಮಾಡಿದ. ಅದನ್ನೇ ನಿಮ್ಮ ವಿದ್ಯಾರ್ಥಿಗಳು ರಾತ್ರಿಯ ಜಾತ್ರೆಯಲ್ಲಿ ಮಾಡಬಹುದು. ಕ್ಯಾಮೆರಾವನ್ನು ಗಟ್ಟಿಯಾಗಿ ಊರಿ, ಬೆಳಗುವ ತೊಟ್ಟಿಲನ್ನು ಒಂದು ಸೆಕೆಂಡ್ ಒಡ್ಡಿರಿ. ದೀಪಗಳು ಬೆಳಕಿನ ಕಮಾನುಗಳನ್ನು ಬರೆಯುತ್ತವೆ. ಅಗ್ಗದ ಎಲ್‌ಇಡಿಗಳಾದರೆ ಕಮಾನು ತುಂಡುತುಂಡಾಗಿ, ಬೊಟ್ಟುಗಳ ಸಾಲಾಗಿ ಕಾಣುತ್ತದೆ. ನಮ್ಮ ವಿದ್ಯುತ್ತಿನ ಆವೃತ್ತಿ 50 ಹರ್ಟ್ಸ್. ಪೂರ್ಣ ತರಂಗ ಏಕದಿಶೀಕರಣವಾದರೆ ದೀಪ ಸೆಕೆಂಡಿಗೆ 100 ಬಾರಿ ಮಿನುಗುತ್ತದೆ. 50 ಬೊಟ್ಟುಗಳನ್ನು ಎಣಿಸಿ, ಅವು ಕೇಂದ್ರದಲ್ಲಿ ಮಾಡುವ ಕೋನವನ್ನು ಅಳೆಯಿರಿ. 24 ಡಿಗ್ರಿ ಎಂದಾದರೆ ಅರ್ಧ ಸೆಕೆಂಡಿಗೆ 24 ಡಿಗ್ರಿ, ಒಂದು ಸುತ್ತಿಗೆ 7.5 ಸೆಕೆಂಡ್. ಗಡಿಯಾರ ಹಿಡಿದು ತಾಳೆ ನೋಡಿರಿ. ಉತ್ತರ ಎರಡು ಪಟ್ಟು ಬಂದರೆ ದೀಪ ಅರ್ಧ ತರಂಗದಲ್ಲಿ, ಸೆಕೆಂಡಿಗೆ 50 ಬಾರಿ ಮಿನುಗುತ್ತಿದೆ ಎಂದರ್ಥ. ಬೊಟ್ಟುಗಳೇ ಇಲ್ಲದಿದ್ದರೆ ದೀಪದ ಮಂಡಲದಲ್ಲಿ ಒಳ್ಳೆಯ ಧಾರಕವಿದೆ.

ಇಷ್ಟೆಲ್ಲ ಹೇಳಬಲ್ಲ ಚಿತ್ರ ಏನನ್ನು ಹೇಳಲಾರದು ಎಂಬುದಕ್ಕೂ ನಮ್ಮಲ್ಲೇ ಉದಾಹರಣೆಯಿದೆ. ಸಂತೆಕಟ್ಟೆಯಿಂದ ಉಡುಪಿಗೆ ಬಂದು ಮಣಿಪಾಲ, ಹಿರಿಯಡಕ ದಾಟಿ ಕಾರ್ಕಳದತ್ತ ಹೋದರೆ ಬೈಲೂರು. ಅಲ್ಲಿನ ಬೆಟ್ಟದ ಮೇಲೆ 2023ರ ಜನವರಿಯಲ್ಲಿ ಪರಶುರಾಮ ಥೀಮ್ ಪಾರ್ಕ್ ಉದ್ಘಾಟನೆಯಾಯಿತು. ಎತ್ತರದ ಪ್ರತಿಮೆಯ ಮುಂದೆ ನಿಂತು ಚಿತ್ರ ತೆಗೆಸಿಕೊಂಡವರು ಅಸಂಖ್ಯ. ಪ್ರತಿಮೆ ಯಾವ ವಸ್ತುವಿನದು ಎಂಬ ವಿವಾದವೆದ್ದು ಅದೇ ವರ್ಷ ಅದರ ಮೇಲ್ಭಾಗವನ್ನು ಇಳಿಸಲಾಯಿತು. ವಿಷಯ ನ್ಯಾಯಾಲಯದ ಮೆಟ್ಟಿಲೇರಿತು. ಆ ತಿಂಗಳುಗಳ ಚಿತ್ರಗಳು ಪ್ರತಿಮೆಯ ಆಕಾರಕ್ಕೆ, ಅದು ನಿಂತಿದ್ದ ದಿನಾಂಕಕ್ಕೆ ಸಾಕ್ಷಿ. ವಸ್ತುವಿನ ಬಗ್ಗೆ ಮಾತ್ರ ಅವು ಮೂಕ. ಕ್ಯಾಮೆರಾಕ್ಕೆ ತಲುಪುವುದು ಮೇಲ್ಮೈಯಿಂದ ಪ್ರತಿಫಲಿಸಿದ ಬೆಳಕು; ಕಂಚಿನ ಬಣ್ಣಕ್ಕೂ ಕಂಚಿಗೂ ಚಿತ್ರದಲ್ಲಿ ವ್ಯತ್ಯಾಸ ಹುಡುಕುವುದು ವ್ಯರ್ಥ. ಸಾಂದ್ರತೆಯ ಅಳತೆ, ರಾಸಾಯನಿಕ ವಿಶ್ಲೇಷಣೆಗಳೇ ಅದಕ್ಕೆ ದಾರಿ.

ಷಿಕಾಗೊದ ಚಕ್ರವನ್ನು 1906ರಲ್ಲಿ ಸೇಂಟ್ ಲೂಯಿಯಲ್ಲಿ ಸಿಡಿಮದ್ದಿಟ್ಟು ಕೆಡವಿದರು. ದೆಹಲಿಯಲ್ಲಿ 1984ರಲ್ಲಿ ಆರಂಭವಾದ ಅಪ್ಪು ಘರ್ 2008ರಲ್ಲಿ ಮುಚ್ಚಿತು. ಇಂಥ ಸ್ಥಳಗಳ ಆಯುಸ್ಸು ದೇವಾಲಯಗಳಂತೆ ದೀರ್ಘವಲ್ಲ. ಅವುಗಳಲ್ಲಿ ಕಳೆದ ದಿನಗಳ ಬಗ್ಗೆ ಮುಂದೆ ಹೇಳಬೇಕಾದವು ಚಿತ್ರಗಳೇ. ಆದ್ದರಿಂದ ಈಗಿನ ಮೊಬೈಲುಗಳು ಏನು ಮಾಡುತ್ತಿವೆ ಎಂದು ಅಧ್ಯಾಪಕರು ತಿಳಿದಿರಬೇಕು. ಗುಂಡಿ ಒತ್ತಿದಾಗ ಅವು ಹಲವು ಚಿತ್ರಗಳನ್ನು ತೆಗೆದು ಜೋಡಿಸುತ್ತವೆ. 2018ರ ಬಳಿಕ ಜನಪ್ರಿಯವಾದ ರಾತ್ರಿ ವಿಧಾನದಲ್ಲಿ, ಜೋಡಣೆಗೆ ಹೊಂದದ ಚಲಿಸುವ ಭಾಗಗಳನ್ನು ಗಣನಕ್ರಮ ಕೈಬಿಡುತ್ತದೆ. 2021ರಿಂದೀಚೆಗೆ ಹಿನ್ನೆಲೆಯ ಅಪರಿಚಿತರನ್ನು ಬೆರಳಿನಿಂದ ಸವರಿ ಅಳಿಸುವ ಸೌಲಭ್ಯವೂ ಮೊಬೈಲುಗಳಲ್ಲೇ ಬಂದಿದೆ. ಡಾಗೇರ್‌ನ ಬೀದಿ ಅವನ ಇಷ್ಟಕ್ಕೆ ವಿರುದ್ಧವಾಗಿ ಬರಿದಾಗಿತ್ತು. ನಮ್ಮ ಪಾರ್ಕುಗಳನ್ನು ನಾವೇ ಬರಿದು ಮಾಡುತ್ತಿದ್ದೇವೆ. ತೊಟ್ಟಿಲಿನ ಪಕ್ಕದಲ್ಲಿ ಸನ್ನೆ ಹಿಡಿದು ನಿಂತವನು, ಟಿಕೆಟ್ ಹರಿಯುವವಳು, ಐಸ್‌ಕ್ಯಾಂಡಿ ಮಾರುವ ಹುಡುಗ ಮೊದಲು ಅಳಿಸಿಹೋಗುವವರು.

ನಿಮ್ಮ ಮುಂದಿನ ಪ್ರವಾಸದಲ್ಲಿ ಒಂದು ಗುಂಪಿನ ವಿದ್ಯಾರ್ಥಿಗಳಿಗೆ ಇಷ್ಟನ್ನು ಒಪ್ಪಿಸಿರಿ: ರಾತ್ರಿ ವಿಧಾನ ಬೇಡ, ಅಳಿಸುವುದು ಬೇಡ, ಮೇಲೆ ತಿರುಗುವ ಮಕ್ಕಳಿಗೆ 1/500 ಸೆಕೆಂಡ್. ಕೆಳಗೆ ಸನ್ನೆ ಹಿಡಿದವನಲ್ಲಿ ಅನುಮತಿ ಕೇಳಿ ಅವನದೊಂದು ಚಿತ್ರ. ಅವನು ನಿಂತ ಜಾಗದಲ್ಲೇ ನಿಂತಿರುತ್ತಾನೆ. 1/60 ಸೆಕೆಂಡ್ ಸಾಕು.