ವಾಲ್ವ್ ಪ್ರೇಷಕಗಳು: ವ್ಯಾಟಿನ ಲೆಕ್ಕ, ದೂರದ ಲೆಕ್ಕ

ದನಿಯನ್ನು ಇನ್ನಷ್ಟು ದೂರ ಮುಟ್ಟಿಸುವ ಹಂಬಲ ಕನ್ನಡ ನಾಡಿನಲ್ಲಿ ರೇಡಿಯೋದಷ್ಟೇ ಹಳೆಯದು. 1935ರಲ್ಲಿ ಮೈಸೂರಿನ ಮನಃಶಾಸ್ತ್ರ ಪ್ರಾಧ್ಯಾಪಕ ಡಾ. ಎಂ.ವಿ. ಗೋಪಾಲಸ್ವಾಮಿಯವರು ತಮ್ಮ ಮನೆಯಲ್ಲೇ ಆರಂಭಿಸಿದ 'ಆಕಾಶವಾಣಿ'ಯ ಪ್ರೇಷಕ, ಅಂದರೆ ತರಂಗಗಳನ್ನು ಹೊರಡಿಸುವ ಯಂತ್ರ, 30 ವ್ಯಾಟಿನದಾಗಿದ್ದು, ಮುಂದೆ ಅದರ ಜಾಗಕ್ಕೆ 250 ವ್ಯಾಟಿನದು ಬಂತು. ರಾಯಚೂರು, ಮಾನ್ವಿ, ದೇವದುರ್ಗಗಳು ಸೇರಿದ್ದ ಹೈದರಾಬಾದ್ ಸಂಸ್ಥಾನದಲ್ಲಿ ಡೆಕ್ಕನ್ ರೇಡಿಯೋ 200 ವ್ಯಾಟಿನಿಂದ ಹೊರಟು 5 ಕಿಲೋವ್ಯಾಟಿಗೆ ಏರಿತು. 1954ರಲ್ಲಿ ಬೆಂಗಳೂರಿನ ಜಾಲಹಳ್ಳಿಯಲ್ಲಿ ಹುಟ್ಟಿದ ಭಾರತ್ ಎಲೆಕ್ಟ್ರಾನಿಕ್ಸ್ ಸಂಸ್ಥೆ 1961ರಲ್ಲಿ ಸಂಕೇತವನ್ನು ಬಲಪಡಿಸುವ ಗಾಜಿನ ನಿರ್ವಾತ ಕೊಳವೆಗಳಾದ ರೇಡಿಯೋ ವಾಲ್ವ್‌ಗಳನ್ನೂ 1964ರಲ್ಲಿ ಆಕಾಶವಾಣಿಗೆ ಪ್ರೇಷಕಗಳನ್ನೂ ತಯಾರಿಸತೊಡಗಿದ ಮೇಲೆ ಈ ವಿದ್ಯೆ ನಾಡಿನದೇ ಆಯಿತು.

ಇದೇ ಹಂಬಲದ ಚಿಕ್ಕ ರೂಪ ಸಿಟಿಜನ್ ಬ್ಯಾಂಡ್ ರೇಡಿಯೋ. 1958ರಲ್ಲಿ ಅಮೆರಿಕ 27 ಮೆಗಾಹರ್ಟ್ಸ್ ಸುತ್ತಲಿನ ಪಟ್ಟಿಯನ್ನು ಜನಸಾಮಾನ್ಯರ ಮಾತುಕತೆಗೆ ಬಿಟ್ಟುಕೊಟ್ಟಾಗ ಬಂದ ಸೆಟ್ಟುಗಳಲ್ಲಿ ವಾಲ್ವ್‌ಗಳೇ ಇದ್ದವು; ಭಾರತದಲ್ಲಿ ಈ ಪಟ್ಟಿ 2005ರಲ್ಲಿ 5 ವ್ಯಾಟಿನ ಮಿತಿಯೊಳಗೆ ಪರವಾನಗಿಯಿಂದ ಮುಕ್ತವಾಯಿತು.

ಇಂಥ ಹಳೆಯ ಸೆಟ್ಟಿನಿಂದ ಹೆಚ್ಚು ಶಕ್ತಿ ಪಡೆಯಲು ಮೊದಲು ಹೊಳೆಯುವ ದಾರಿ ಪ್ಲೇಟಿನ, ಅಂದರೆ ಎಲೆಕ್ಟ್ರಾನುಗಳನ್ನು ಸೆಳೆದುಕೊಳ್ಳುವ ಲೋಹದ ತಗಡಿನ, ವೋಲ್ಟೇಜನ್ನು ಏರಿಸುವುದು. ವೋಲ್ಟೇಜ್ ಇಮ್ಮಡಿಯಾದರೆ ಶಕ್ತಿ ನಾಲ್ಮಡಿಯಾಗುತ್ತದೆಂಬ ಲೆಕ್ಕ ಸರಿಯಾದರೂ, ಆ ಹೊರೆಗೆ ಟ್ರಾನ್ಸ್‌ಫಾರ್ಮರ್ ಕಾಯುತ್ತದೆ, ವಾಲ್ವ್‌ನ ತಗಡು ಗಾಜಿನೊಳಗೆ ಕೆಂಪಗೆ ಕಾದು ಅದರ ಆಯುಷ್ಯ ತೀರುತ್ತದೆ. ಮೂಲ ತರಂಗದ ಇಮ್ಮಡಿ ಕಂಪನವಾದ 54 ಮೆಗಾಹರ್ಟ್ಸಿನ ಬೇಡದ ತರಂಗವೂ ಬಲಗೊಳ್ಳುತ್ತದೆ. ಹಳೆಯ ದೂರದರ್ಶನದ ಪಟ್ಟಿ ಅಲ್ಲೇ ಇದ್ದುದರಿಂದ ಒಬ್ಬರ ಉತ್ಸಾಹ ನೆರೆಮನೆಯ ಟಿವಿಯಲ್ಲಿ ಗೆರೆಗಳಾಗಿ ಮೂಡಬಹುದಿತ್ತು. ಮಿತಿ ದಾಟಿದ ಪ್ರೇಷಣ ಕಾನೂನಿಗೂ ವಿರುದ್ಧ. ಹೆಚ್ಚಿನ ಶಕ್ತಿ ಬೇಕಾದವರಿಗೆ ಪರೀಕ್ಷೆ ಬರೆದು ಹವ್ಯಾಸಿ ರೇಡಿಯೋ ಪರವಾನಗಿ ಪಡೆಯುವ, ಪಕ್ಕದ 28 ಮೆಗಾಹರ್ಟ್ಸ್ ಪಟ್ಟಿಗೆ ಹೋಗುವ ಹಾದಿ ತೆರೆದೇ ಇದೆ.

ವಾಸ್ತವದಲ್ಲಿ ಹಳೆಯ ಸೆಟ್ಟಿನ ಶಕ್ತಿ ಹೆಚ್ಚಿಸುವ ಕಸುಬಿನ ಬಹುಭಾಗ ಕಳೆದುಹೋದ ಶಕ್ತಿಯನ್ನು ಮರಳಿ ಪಡೆಯುವುದೇ ಆಗಿದೆ. ರಾಯಚೂರಿನ ಬೇಸಿಗೆಯಂಥ ಬಿಸಿಲಿಗೆ, ವಿದ್ಯುತ್ತನ್ನು ಕೂಡಿಡುವ ಕಂಡೆನ್ಸರುಗಳ ಒಳಗಿನ ದ್ರವ ಒಣಗುತ್ತದೆ, ಸಾಕೆಟ್ಟಿನ ಕಾಲುಗಳಿಗೆ ಕಿಲುಬು ಹಿಡಿಯುತ್ತದೆ, ವಾಲ್ವ್ ಮುದಿಯಾಗಿ ಎಲೆಕ್ಟ್ರಾನುಗಳನ್ನು ಹೊಮ್ಮಿಸುವುದು ಕಡಿಮೆಯಾಗುತ್ತದೆ. ಪಂಪ್‌ಸೆಟ್ಟುಗಳೆಲ್ಲ ಒಮ್ಮೆಗೇ ಓಡುವ ಹೊತ್ತಿನಲ್ಲಿ ಮಟಮಾರಿಯಂಥ ಹಳ್ಳಿಯ ಕರೆಂಟು 230 ವೋಲ್ಟಿನಿಂದ 180ಕ್ಕೆ ಇಳಿದರೆ, ಪ್ಲೇಟಿನ ವೋಲ್ಟೇಜೂ ಅದೇ ಪ್ರಮಾಣದಲ್ಲಿ ತಗ್ಗಿ ಪ್ರೇಷಕದ ಶಕ್ತಿಯಲ್ಲಿ ಸುಮಾರು ನೂರಕ್ಕೆ 40 ಪಾಲು ಹೋಗುತ್ತದೆ, ವಾಲ್ವ್‌ನ ತಂತು ಮಂಕಾಗುವುದರ ನಷ್ಟ ಬೇರೆ. ಒಂದು ಸ್ಟೆಬಿಲೈಜರ್, ನಾಲ್ಕು ಹೊಸ ಕಂಡೆನ್ಸರ್ ಇಲ್ಲಿ ಮಾಡುವ ಉಪಕಾರವನ್ನು ದುಬಾರಿ ಮಾರ್ಪಾಟುಗಳು ಮಾಡಲಾರವು.

ಪಳಗಿದ ಹಳಬರು ಪ್ರೇಷಕದ ಶಕ್ತಿಯನ್ನು ಪುಟ್ಟ ಬಲ್ಬಿನಿಂದ ಅಳೆಯುತ್ತಿದ್ದರು. ಏರಿಯಲ್ಲಿನ ಜಾಗಕ್ಕೆ ಬಲ್ಬನ್ನು ಸಿಕ್ಕಿಸಿ, ಶ್ರುತಿಯ ತಿರುಪನ್ನು ಅದು ಅತಿ ಬೆಳಗುವವರೆಗೆ ತಿರುಗಿಸಿ, ಮೈಕಿನಲ್ಲಿ ಮಾತಾಡಿದಾಗ ಬೆಳಕು ಇನ್ನಷ್ಟು ಉಕ್ಕಿದರೆ ಧ್ವನಿ ತರಂಗದ ಮೇಲೆ ಸರಿಯಾಗಿ ಏರಿದೆ ಎಂದು ತಿಳಿಯಲಾಗುತ್ತಿತ್ತು. ಧ್ವನಿ ಪೂರ್ಣವಾಗಿ ಏರಿದಾಗ ಸರಾಸರಿ ಶಕ್ತಿ ಒಂದೂವರೆ ಪಟ್ಟಾಗುತ್ತದೆ; ಆ ಹೆಚ್ಚಳವನ್ನು ಒದಗಿಸಬೇಕಾದ, ಮನೆಯ ರೇಡಿಯೋಗಳಲ್ಲೂ ಇದ್ದ ಇಎಲ್84ರಂಥ ಧ್ವನಿ ವಾಲ್ವ್ ದುರ್ಬಲವಾಗಿದ್ದರೆ ಪ್ರೇಷಕ ಎಷ್ಟು ಬಲವಾಗಿದ್ದರೂ ಕೇಳುವವರಿಗೆ ಮಾತು ತೆಳ್ಳಗೆ ಕೇಳುತ್ತದೆ.

ಇನ್ನು ದೂರದ ಲೆಕ್ಕ. 5 ವ್ಯಾಟನ್ನು 20 ವ್ಯಾಟಿಗೆ ಏರಿಸಿದರೂ ಕೇಳುವವರ ಸೆಟ್ಟಿನಲ್ಲಿ ಸಂಕೇತದ ಬಲ ತೋರಿಸುವ ಮೀಟರಿನ ಮುಳ್ಳು ಒಂದೇ ಒಂದು ಅಂಕ ಮೇಲೇರುತ್ತದೆ. ಬಯಲುಸೀಮೆಯ ಸಮತಟ್ಟು ನೆಲದಲ್ಲಿ 6 ಮೀಟರ್ ಎತ್ತರದ ಏರಿಯಲ್ಲನ್ನು 12 ಮೀಟರಿಗೆ ಏರಿಸಿದರೆ ಹೆಚ್ಚುಕಡಿಮೆ ಅಷ್ಟೇ ಫಲ ಸಿಗುತ್ತದೆ, ಕೇಳುವ ಬಲವೂ ಅದರೊಂದಿಗೇ ಹೆಚ್ಚುತ್ತದೆ. ಅದಕ್ಕೆ ಬೇಕಾದದ್ದು ಸುಮಾರು 2.75 ಮೀಟರಿನ, ತರಂಗದ ಕಾಲುಭಾಗ ಉದ್ದದ ಸರಳು ಮತ್ತು ಗಾಳಿಗೆ ಅಲುಗದ ಒಂದು ಕಂಬ.