ಬೆಳಕು ಮೀನುಗಾರಿಕೆ: ವಿಧಾನ ಮತ್ತು ನಿಷೇಧ

ರಾತ್ರಿ ವೇಳೆ ಕಡಲಿನಲ್ಲಿ ಪ್ರಖರ ದೀಪಗಳನ್ನು ಉರಿಸಿ, ಅವುಗಳತ್ತ ಸೇರುವ ಮೀನಿನ ಹಿಂಡನ್ನು ಬಲೆಯಿಂದ ಸುತ್ತುವರಿದು ಹಿಡಿಯುವ ಪದ್ಧತಿಯೇ ಬೆಳಕು ಮೀನುಗಾರಿಕೆ. ಕರ್ನಾಟಕದ ಕರಾವಳಿಯಲ್ಲಿ ಇದು 'ಲೈಟ್ ಫಿಶಿಂಗ್' ಎಂದೇ ಪರಿಚಿತ.

ಪದ್ಧತಿ ಹೊಸದೇನಲ್ಲ. ಪಂಜು, ಸೀಮೆಎಣ್ಣೆ ದೀಪಗಳಿಂದ ಮೀನನ್ನು ಸೆಳೆಯುವ ಕ್ರಮ ಜಗತ್ತಿನ ಹಲವೆಡೆ ಇತ್ತು. ಜನರೇಟರ್ ಹಾಗೂ ಎಲ್‌ಇಡಿ ದೀಪಗಳು ಬಂದ ಬಳಿಕ ಅದರ ಸ್ವರೂಪವೇ ಬದಲಾಯಿತು. ದೀಪಗಳನ್ನು ದೋಣಿಯ ಮೇಲೆ ಕಟ್ಟುವುದೂ ಉಂಟು, ನೀರಿನೊಳಗೆ ಇಳಿಬಿಡುವುದೂ ಉಂಟು. ಕೆಂಪು ಬೆಳಕನ್ನು ನೀರು ಕೆಲವೇ ಮೀಟರ್‌ಗಳಲ್ಲಿ ಹೀರಿಕೊಂಡರೆ, ನೀಲಿ ಹಾಗೂ ಹಸಿರು ಬೆಳಕು ಇನ್ನೂ ಆಳಕ್ಕೆ ಇಳಿಯುತ್ತದೆ. ಬೆಳಕಿನ ಸುತ್ತ ಸೂಕ್ಷ್ಮ ಪ್ಲವಕ ಜೀವಿಗಳು ನೆರೆಯುತ್ತವೆ. ಅವುಗಳನ್ನು ತಿನ್ನಲು ಬೂತಾಯಿ, ಬಂಗುಡೆಯಂಥ ಮೀನುಗಳು ಬರುತ್ತವೆ. ಇವುಗಳನ್ನು ಅರಸಿ ಬೊಂಡಾಸ್ ಮತ್ತು ದೊಡ್ಡ ಮೀನುಗಳು ಹಿಂಬಾಲಿಸುತ್ತವೆ.

ದೀಪಕ್ಕೆ ಮರಿ, ಬಲಿತ ಮೀನು ಎಂಬ ಭೇದವಿಲ್ಲ. ಒಮ್ಮೆಯೂ ಮೊಟ್ಟೆಯಿಡದ ಮರಿಗಳು ರಾಶಿರಾಶಿಯಾಗಿ ಬಲೆಗೆ ಬಿದ್ದರೆ ಮುಂದಿನ ವರ್ಷಗಳ ಮತ್ಸ್ಯಸಂತತಿ ಕ್ಷೀಣಿಸುತ್ತದೆ. ಜನರೇಟರ್ ಕೊಳ್ಳುವ ಶಕ್ತಿಯಿಲ್ಲದ ನಾಡದೋಣಿ ಮೀನುಗಾರರಿಗೆ ಇದು ಹೊಟ್ಟೆಪಾಡಿನ ಪ್ರಶ್ನೆ.

ಈ ಕಾರಣಗಳಿಂದ ಕೇಂದ್ರ ಸರಕಾರವು 2017ರ ನವೆಂಬರ್‌ನಲ್ಲಿ, 200 ನಾಟಿಕಲ್ ಮೈಲಿವರೆಗಿನ ವಿಶೇಷ ಆರ್ಥಿಕ ವಲಯದಲ್ಲಿ ಎಲ್‌ಇಡಿ ಸೇರಿದಂತೆ ಕೃತಕ ದೀಪ ಬಳಸಿ ಮೀನು ಹಿಡಿಯುವುದನ್ನು ನಿಷೇಧಿಸಿತು. ಬುಲ್ ಟ್ರಾಲಿಂಗ್‌ಗೂ ಅದೇ ಆದೇಶ ಅನ್ವಯಿಸಿತು. ತೀರದಿಂದ 12 ನಾಟಿಕಲ್ ಮೈಲಿವರೆಗಿನ ಮೀನುಗಾರಿಕೆ ರಾಜ್ಯದ ಅಧಿಕಾರ ವ್ಯಾಪ್ತಿಯಲ್ಲಿದ್ದು, ಕರ್ನಾಟಕವೂ ಇದನ್ನು ನಿಷೇಧಿಸಿದೆ. ಆದರೆ ಉಲ್ಲಂಘನೆ ನಡೆಯುವುದು ರಾತ್ರಿ, ದಡದಿಂದ ಬಹುದೂರದಲ್ಲಿ. ಹಾಗಾಗಿ ಕಡಲಿನ ಗಸ್ತು ಬಿಗಿಯಾಗದೆ ನಿಷೇಧ ಫಲಿಸದು.